ದನಿಕೋಶ, ಆರನೇ ಕಂತು: ಹದಿನಾಲ್ಕು ಹತ್ತರ ಸಾಲು

ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳಿಗೆ ಸಾಕ್ಷಿ ಇರಲಿಲ್ಲ.

ಎರಡೂವರೆಗೆ ಇತ್ತು. ಮೂರಕ್ಕೆ ಇತ್ತು, ಮೂರೂವರೆಗೂ ಇತ್ತು. ಆ ಹೊತ್ತಿಗೆ ಅವಳು ಆಸ್ಪತ್ರೆಯ ಎದುರು ರಸ್ತೆಯ ಹಲ್ಲಿನ ಡಾಕ್ಟರ ಬಳಿ ಅಣ್ಣನ ಕೈ ಹಿಡಿದುಕೊಂಡು ನಿಂತಿದ್ದಳು. ಅಣ್ಣ ಮೂವತ್ತನಾಲ್ಕು ವರ್ಷದ ಗಂಡಸು, ಲಾರಿ ಮೆಕ್ಯಾನಿಕ್. ಇಕ್ಕಳ ಕಂಡರೆ ಕೈಕಾಲು ಬಿಡುತ್ತಾನೆ. ಹಲ್ಲಿನ ಡಾಕ್ಟರಿಗೆ ಇದೆಲ್ಲ ಚೆನ್ನಾಗಿ ನೆನಪಿತ್ತು.

ಆದರೆ ಗಂಟಲಾಸ್ಪತ್ರೆಯ ದನಿಕೋಶ ಖಾಲಿಯಾದದ್ದು ನಿನ್ನೆ ಮಧ್ಯಾಹ್ನ ಎರಡು ಹತ್ತಕ್ಕೆ ಎಂದು ಕಾಗದ ಹೇಳುತ್ತಿತ್ತು. ಎರಡು ಹತ್ತಕ್ಕೆ ಅವಳು ಯಂತ್ರದ ಕೋಣೆಯಲ್ಲಿ ಒಬ್ಬಳೇ ಇದ್ದಳು.

ಐದು ಗಂಟೆಗೆ ಅವಳನ್ನು ಕೋರ್ಟಿಗೆ ಹಾಜರುಪಡಿಸಬೇಕು. ಈಗ ಹನ್ನೆರಡೂಕಾಲು.

"ಇನ್ನೊಂದು ಸಲ ಹೇಳು," ಎಂದಳು ಇನ್‌ಸ್ಪೆಕ್ಟರು.

"ಎಷ್ಟು ಸಲ ಹೇಳಿದ್ರೂ ಅದೇ ಮೇಡಂ. ನಾನು ಅಳಿಸಿಲ್ಲ. ನಾನು ಯಾಕೆ ಅಳಿಸಲಿ? ಮೂರು ವರ್ಷದಿಂದ ಆ ದನಿಗಳನ್ನ ನೋಡ್ಕೊಳ್ತಾ ಇರೋಳು ನಾನು."

ಗಂಟಲು ತೆಗೆಯುವ ಆಪರೇಷನ್ನಿಗೆ ಮುಂಚೆ ರೋಗಿಗಳು ಆ ಆಸ್ಪತ್ರೆಯ ಮೂರನೇ ಮಹಡಿಗೆ ಬರುತ್ತಾರೆ. ಸದ್ದು ಹೊಗದ ಕೋಣೆಯಲ್ಲಿ ಕೂತು ಮುನ್ನೂರು ವಾಕ್ಯ ಓದುತ್ತಾರೆ. ಆಪರೇಷನ್ ಆದ ಮೇಲೆ ಅಂಗೈಯಗಲದ ಒಂದು ಯಂತ್ರ, ಅವರು ಟೈಪ್ ಮಾಡಿದ್ದನ್ನು ಅವರದೇ ದನಿಯಲ್ಲಿ ಹೇಳುತ್ತದೆ. ಕೋಶ ಹೋದರೆ ಯಂತ್ರ ಆಮೇಲೂ ಮಾತಾಡುತ್ತದೆ, ಯಾರದೋ ದನಿಯಲ್ಲಿ.

ಕೋಶದ ಕಂಪ್ಯೂಟರು ನೋಡಿಕೊಳ್ಳುವ ಈ ಹುಡುಗಿಗೆ ಇಪ್ಪತ್ತಾರು ವರ್ಷ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗಡಿಯಾರ ಎಂದೇ ಕರೆಯುತ್ತಾರೆ. ಯಾಕೆಂದು ಇನ್‌ಸ್ಪೆಕ್ಟರು ಕೇಳಿರಲಿಲ್ಲ.

"ಸ್ಕ್ರೀನ್ ಲಾಕ್ ಮಾಡಿ ಹೋಗಿದ್ದೆ ಅಂತ ಬರೆದುಕೊಟ್ಟಿದ್ದೀಯ. ಪಾಸ್‌ವರ್ಡ್ ನಿನಗೊಬ್ಬಳಿಗೇ ಗೊತ್ತು. ಅಂದ ಮೇಲೆ ಇನ್ಯಾರು?"

ಅವಳು ಉಗುರು ನೋಡಿಕೊಂಡಳು.

ಇನ್‌ಸ್ಪೆಕ್ಟರು ಫೈಲಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ತಳ್ಳಿದಳು. ಆಸ್ಪತ್ರೆಯ ದೊಡ್ಡ ಡಾಕ್ಟರು ನಿನ್ನೆ ಸಂಜೆ ಅವಳ ಸ್ಕ್ರೀನಿನ ಫೋಟೋ ತೆಗೆದು ಪ್ರಿಂಟ್ ಮಾಡಿಸಿಕೊಟ್ಟದ್ದು. ಅದರಲ್ಲಿ ಇದ್ದದ್ದು ಎರಡೇ ಸಾಲು. ಮೊದಲನೆಯದು 14:10:07, ಒಂದು ಬಾಣದ ಗುರುತು, ಅದರ ಮುಂದೆ ಇಲ್ಲಿರುವುದನ್ನೆಲ್ಲ ಅಳಿಸು ಎನ್ನುವ ಕಮಾಂಡು. ಎರಡನೆಯದು 15:31:40, ಬಾಣ, ಮುಂದೆ ಏನೂ ಇಲ್ಲ. ಡಾಕ್ಟರು ಮೊದಲ ಸಾಲಿನ ಸಮಯಕ್ಕೆ ಎರಡು ಸಲ ಅಡಿಗೆರೆ ಎಳೆದಿದ್ದರು.

ಗಡಿಯಾರ ಕಾಗದವನ್ನು ನೋಡಿದಳು. ಮತ್ತೆ ನೋಡಿದಳು.

"ಇದನ್ನ ನಂಗೆ ಯಾರೂ ತೋರಿಸಲೇ ಇಲ್ವಲ್ಲ!"

"ಈಗ ತೋರಿಸಿದ್ದೀನಿ."

"ಎರಡು ಹತ್ತು, ಎರಡು ಹತ್ತು ಅಂತ ನಿನ್ನೆಯಿಂದ ಪ್ರಾಣ ತಿಂತಿದ್ದೀರಲ್ಲ, ಇದನ್ನ ನೋಡ್ಕೊಂಡಾ?"

"ಸಮಯ ಬರೆದಿದೆಯಲ್ಲ."

"ಅದು ನನ್ನ ಪ್ರಾಂಪ್ಟು ಮೇಡಂ."

"ಹಾಗಂದ್ರೆ? ವರದಿ ಟೈಪ್ ಮಾಡೋದು ಬಿಟ್ರೆ ನಂಗೆ ಕಂಪ್ಯೂಟರಲ್ಲಿ ಏನೂ ಬರಲ್ಲ. ಬಿಡಿಸಿ ಹೇಳು."

"ಯಂತ್ರ ಕೆಲಸ ಮುಗಿಸಿದ ತಕ್ಷಣ 'ನಾನು ರೆಡಿ, ಮುಂದಿನದು ಹೇಳು' ಅಂತ ಒಂದು ಸಾಲು ತೋರಿಸುತ್ತೆ. ಅದೇ ಪ್ರಾಂಪ್ಟು. ನಾವು ಅದರ ಮುಂದೆ ಕಮಾಂಡು ಬರೀತೀವಿ. ಈ ಯಂತ್ರ ಓಡೋ ಲಿನಕ್ಸಲ್ಲಿ ಆ ಸಾಲನ್ನ ನಮಗೆ ಬೇಕಾದ ಹಾಗೆ ಮಾಡ್ಕೋಬಹುದು. ಚುಕ್ಕೆಯಿಂದ ಶುರುವಾಗೋ ಒಂದು ಫೈಲಿದೆ, ಅದರಲ್ಲಿ ಒಂದು ಸಾಲು ತಿದ್ದಿದ್ರೆ ಮುಗೀತು. ಹೆಸರು ಬೇಕಾ, ಬಣ್ಣ ಬೇಕಾ, ಯಾವ ಫೋಲ್ಡರಲ್ಲಿ ಇದ್ದೀವಿ ಅಂತ ಬೇಕಾ, ಎಲ್ಲಾ ಹಾಕ್ಕೋಬಹುದು. ನಂಗೆ ಅದೆಲ್ಲ ಕಸ ಅನ್ನಿಸ್ತು. ಕಿತ್ತು ಹಾಕಿ ಟೈಮ್ ಒಂದೇ ಇಟ್ಕೊಂಡೆ."

"ಅದಕ್ಕೇ ಆ ಹೆಸರು."

"ದನಿ ಮುದ್ರಿಸ್ಕೊಳ್ಳೋ ಹತ್ತಿಯಣ್ಣ ಇಟ್ಟಿದ್ದು. ಆದರೆ ಮೇಡಂ, ಆ ಗಡಿಯಾರ ಓಡಲ್ಲ."

ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟಳು.

"ಸಾಲು ಮೂಡಿದಾಗ ಎಷ್ಟು ಹೊತ್ತಾಗಿತ್ತೋ ಅಷ್ಟೇ ಅದು ತೋರಿಸೋದು. ಆಮೇಲೆ ಹಾಗೇ ನಿಂತಿರುತ್ತೆ. ನಾನು ಹೊರಡೋ ಮುಂಚೆ ಸ್ಕ್ರೀನ್ ಮೇಲಿನ ಹಳೇ ಸಾಲೆಲ್ಲ ಒರೆಸಿದೆ, ಎರಡು ಹತ್ತಕ್ಕೆ ಹೊಸ ಸಾಲು ಬಂತು. ಅದರ ಮುಂದೆ ಯಾರು ಯಾವಾಗ ಟೈಪ್ ಮಾಡಿದ್ರೂ ಎರಡು ಹತ್ತು ಅಂತಲೇ ಇರುತ್ತೆ. ಮೂರಕ್ಕೆ ಮಾಡಿದ್ರೂ ಅಷ್ಟೇ, ಮೂರೂವರೆಗೆ..."

ಅಲ್ಲಿಗೆ ಅವಳ ಮಾತು ನಿಂತಿತು. ಎಲ್ಲಿಗೆ ಬಂದು ನಿಂತಿದ್ದೇನೆ ಎನ್ನುವುದು ಅವಳಿಗೆ ಹೊಳೆದಿತ್ತು.

"ಮುಂದುವರಿಸು," ಎಂದಳು ಇನ್‌ಸ್ಪೆಕ್ಟರು. "ನೀನು ಹೋದ ಮೇಲೆ ಬೇರೆ ಯಾರೋ ಬಂದು ಟೈಪ್ ಮಾಡಿದ್ರು. ಲಾಕ್ ಆಗಿರೋ ಸ್ಕ್ರೀನಿನ ಮೇಲೆ?"

ಬಾಗಿಲ ಬಳಿಯ ಬೆಂಚಿನಿಂದ ಅಣ್ಣ ಎದ್ದು ನಿಂತ. ಎಡಗೆನ್ನೆ ನಿಂಬೆಹಣ್ಣಿನಷ್ಟು ಊದಿತ್ತು. ಅಕ್ಷರಗಳೂ ಊದಿಕೊಂಡೇ ಹೊರಬಂದವು.

"ಹೇಳೇ ಕತ್ತೆ. ನಿಂಗೇನು ಲಾಕ್ ಮಾಡೋ ಅಭ್ಯಾಸ ಇದ್ಯಾ? ಮನೆ ಬಾಗಿಲನ್ನೇ ಹಾಕಲ್ಲ ನೀನು. ನಿಮ್ಮ ಅತ್ತಿಗೆ ದಿನಾ ಬಯ್ಯಲ್ವಾ?"

"ಅಣ್ಣಾ, ನೀನು ಸುಮ್ನಿರು."

"ಸುಮ್ನಿದ್ದೇ ರಾತ್ರಿಯೆಲ್ಲ ಈ ಬೆಂಚಿನ ಮೇಲೆ ಕೂತಿದ್ದೀನಿ."

ಗಡಿಯಾರ ಮೇಜನ್ನು ನೋಡುತ್ತ ಹೇಳಿದಳು: "ಲಾಕ್ ಮಾಡಿರಲಿಲ್ಲ. ಯಾವತ್ತೂ ಮಾಡಲ್ಲ. ಕಾಪಿ ಓಡ್ತಾ ಇರುತ್ತೆ, ಪದೇಪದೇ ಪಾಸ್‌ವರ್ಡ್ ಹಾಕಬೇಕು ಅಂತ ಬೇಜಾರು. ಸ್ಕ್ರೀನ್ ತೆರೆದು ಬಿಟ್ಟು ಹೋದವರನ್ನ ಕೆಲಸದಿಂದ ತೆಗೀತಾರೆ ಮೇಡಂ. ನಿಯಮದಲ್ಲೇ ಇದೆ."

"ಕೆಲಸ ಉಳಿಸ್ಕೊಳ್ಳೋಕೆ ಜೈಲಿಗೆ ಹೊರಟಿದ್ದೆಯಾ?"

"ಇಷ್ಟು ದೂರ ಬರುತ್ತೆ ಅಂತ ಗೊತ್ತಿರಲಿಲ್ಲ."

ಇನ್‌ಸ್ಪೆಕ್ಟರು ಟೋಪಿ ಎತ್ತಿಕೊಂಡಳು. "ಏಳು. ಅಲ್ಲೇ ಹೋಗಿ ತೋರಿಸು."

ಯಂತ್ರದ ಕೋಣೆ ಸಣ್ಣದು. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒರಗಿ ಗುಂಯ್‌ಗುಡುವ ಕಪ್ಪು ಬೀರು. ಕಿಟಕಿ ಇಲ್ಲ. ಚಳಿಗೆ ಕೈ ಮರಗಟ್ಟುತ್ತಿತ್ತು. ಸ್ಕ್ರೀನಿನ ಮೇಲೆ ನಿನ್ನೆಯ ಎರಡು ಸಾಲು ಹಾಗೇ ಇದ್ದವು.

ದೊಡ್ಡ ಡಾಕ್ಟರು ಬಾಗಿಲಿಗೆ ಅಡ್ಡ ನಿಂತಿದ್ದರು. ಅವರ ಹಿಂದೆ ದನಿ ಮುದ್ರಿಸಿಕೊಳ್ಳುವವನು, ನಲವತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ತನ್ನ ಕೋಣೆಯಿಂದ ಹೊರಗೆ ಬಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನೆ. ಊರಿನ ಗದ್ದಲ ಕೇಳಿ ಕಿವಿ ಕೆಟ್ಟರೆ ಹೊಟ್ಟೆಗೇನು ಎಂದು ಕೇಳುತ್ತಾನೆ. ಹತ್ತಿಯಣ್ಣ ಅವನೇ.

"ಆರೋಪಿಯನ್ನ ಮತ್ತೆ ಅದೇ ಯಂತ್ರದ ಮುಂದೆ ಕೂರಿಸ್ತೀರಾ? ಚೆನ್ನಾಗಿದೆ ನಿಮ್ಮ ತನಿಖೆ," ಎಂದರು ಡಾಕ್ಟರು.

"ಇನ್ನು ಅಳಿಸೋಕೆ ಏನಿದೆ ಡಾಕ್ಟ್ರೇ?"

ಡಾಕ್ಟರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಪೇದೆ ಮೊಬೈಲ್ ಹಿಡಿದು ಚಿತ್ರೀಕರಣ ಶುರುಮಾಡಿದ.

"ಎರಡು ಹತ್ತಕ್ಕೆ ಒತ್ತಿದ ಕಮಾಂಡು ಮೂರೂ ಮೂವತ್ತೊಂದಕ್ಕೆ ಮುಗೀತು ಅಂತ ನೀವೇ ಬರೆದುಕೊಟ್ಟಿದ್ದೀರಿ ಡಾಕ್ಟ್ರೇ. ಒಂದು ಗಂಟೆ ಇಪ್ಪತ್ತೊಂದು ನಿಮಿಷ."

"ಅಷ್ಟು ದೊಡ್ಡ ಫೈಲುಗಳು. ಹೊತ್ತು ಹಿಡಿಯಲ್ವಾ?"

"ನೋಡೋಣ." ಇನ್‌ಸ್ಪೆಕ್ಟರು ಗಡಿಯಾರಳ ಕಡೆ ತಿರುಗಿದಳು. "ಮೊದಲು ಇದ್ದಷ್ಟೇ ಫೈಲು, ಅಷ್ಟೇ ತೂಕ. ಒಳಗೆ ಏನಿದ್ರೂ ಸರಿ. ಬೇರೆ ಕಡೆ ಮಾಡು."

ಸುಳ್ಳು ಫೈಲುಗಳು ತುಂಬಲು ಇಪ್ಪತ್ತು ನಿಮಿಷ ಹಿಡಿಯಿತು. ಹತ್ತಿಯಣ್ಣ ಎರಡು ಸಲ ಗಡಿಯಾರ ನೋಡಿಕೊಂಡ, ಕೈಯದ್ದು.

ತುಂಬಿ ಮುಗಿದ ಮೇಲೆ ಹೊಸ ಸಾಲು ಮೂಡಿತು: 14:02:15.

"ಕೈ ತೆಗಿ," ಎಂದಳು ಇನ್‌ಸ್ಪೆಕ್ಟರು. "ಕಾಯೋಣ."

ಐದು ನಿಮಿಷ ಕಾದರು. ಗೋಡೆಯ ಗಡಿಯಾರ ಎರಡು ಗಂಟೆ ಏಳು ನಿಮಿಷ ತೋರಿಸಿತು. ಸ್ಕ್ರೀನಿನ ಸಾಲು 14:02:15ರಲ್ಲೇ ಇತ್ತು.

"ಈಗ ಅಳಿಸು."

ಅವಳು ಟೈಪ್ ಮಾಡಿ ಎಂಟರ್ ಒತ್ತಿದಳು. ಪೇದೆ ಎಣಿಸಿದ. ನಾಲ್ಕು ಸೆಕೆಂಡು.

ಡಾಕ್ಟರು ಮುಂದೆ ಬಗ್ಗಿ ನೋಡಿದರು. ಅವರ ಕನ್ನಡಕದಲ್ಲಿ ಕೊನೆಯ ಎರಡು ಸಾಲು ಪ್ರತಿಫಲಿಸಿದವು.

"ಅಳಿಸೋಕೆ ಬೇಕಾದ್ದು ನಾಲ್ಕೇ ಸೆಕೆಂಡು," ಎಂದಳು ಇನ್‌ಸ್ಪೆಕ್ಟರು. "ಅಂದರೆ ನಿನ್ನೆ ಎಂಟರ್ ಒತ್ತಿದ್ದು ಮೂರೂ ಮೂವತ್ತೊಂದಕ್ಕೆ. ಆಗ ಈ ಹುಡುಗಿ ರಸ್ತೆಯಾಚೆ ಅಣ್ಣನ ಕೈ ಹಿಡಿದುಕೊಂಡಿದ್ದಳು. ನೀವೆಲ್ಲಿದ್ದಿರಿ ಡಾಕ್ಟ್ರೇ?"

"ನಾನಾ? ಥಿಯೇಟರಲ್ಲಿ! ಎರಡೂವರೆಯಿಂದ ಐದರವರೆಗೆ. ಆರು ಜನ ಇದ್ರು ಜೊತೆಗೆ. ಏಳನೆಯವನ ಗಂಟಲು ನನ್ನ ಕೈಯಲ್ಲಿತ್ತು."

"ನೀವು?"

ಹತ್ತಿಯಣ್ಣ ಉತ್ತರಿಸಲು ತಡಮಾಡಲಿಲ್ಲ. "ಮುದ್ರಣದಲ್ಲಿದ್ದೆ ಮೇಡಂ. ಎರಡೂಕಾಲಿಂದ ನಾಲ್ಕೂವರೆವರೆಗೆ ಒಬ್ಬರ ರೆಕಾರ್ಡಿಂಗ್ ಇತ್ತು."

"ಮಧ್ಯೆ ಬಿಡುವಿಲ್ಲದೆ?"

"ಗಂಟೆಗೊಂದು ಸಲ ಹತ್ತು ನಿಮಿಷ ಬಿಡ್ತೀವಿ. ಗಂಟಲು ಸೋಲುತ್ತಲ್ಲ ಅವರಿಗೆ."

"ನಿನ್ನೆ ಎಷ್ಟು ಹೊತ್ತಿಗೆ ಬಿಟ್ಟಿರಿ?"

ಈ ಸಲ ತಡವಾಯಿತು. "ನೋಡಿ ಹೇಳಬೇಕು."

"ನಾನು ನೋಡಿಯೇ ಬಂದೆ. ನಿಮ್ಮ ಪುಸ್ತಕದಲ್ಲಿ ನೀವೇ ಬರೆದಿದ್ದೀರಿ. ಮೂರೂ ಇಪ್ಪತ್ತೈದರಿಂದ ಮೂರೂ ಮೂವತ್ತೈದು."

"ನೀರು ಕುಡಿಯೋಕೆ ಹೋಗಿದ್ದೆ."

"ಹೋಗಿರಬಹುದು."

ಇನ್‌ಸ್ಪೆಕ್ಟರು ಕುರ್ಚಿ ಎಳೆದು ಗಡಿಯಾರಳ ಪಕ್ಕ ಕೂತಳು. "ನೀನು ಹೊರಡೋ ಮುಂಚೆ ಏನೇನು ಟೈಪ್ ಮಾಡಿದ್ದೆ, ತೋರಿಸೋಕಾಗುತ್ತಾ?"

"ಮೇಲಿನ ಬಾಣದ ಕೀ ಒತ್ತಿದ್ರೆ ಹಿಂದಿನದೆಲ್ಲ ಒಂದೊಂದೇ ಬರುತ್ತೆ."

ಅವಳು ಇವತ್ತಿನದನ್ನೆಲ್ಲ ದಾಟಿ ನಿನ್ನೆಗೆ ಬಂದಳು. ಅಳಿಸುವ ಕಮಾಂಡು ಬಂತು. ಅದರ ಹಿಂದೆ ಸ್ಕ್ರೀನ್ ಒರೆಸುವುದು. ಅದರ ಹಿಂದೆ ಎರಡೇ ಚುಕ್ಕೆಯ ಒಂದು ಪುಟ್ಟ ಕಮಾಂಡು.

"ಇದೇನು?"

"ಒಂದು ಮೆಟ್ಟಿಲು ಮೇಲೆ ಹೋಗು ಅಂತ. ಒಂದು ಫೋಲ್ಡರಿನ ಒಳಗಿದ್ದೆ, ಹೊರಗೆ ಬಂದೆ."

"ಯಾವುದರ ಒಳಗಿದ್ದೆ?"

ಇನ್ನೊಂದು ಸಲ ಕೀ ಒತ್ತಿದಳು. "ಎಪ್ಪತ್ತೇಳು. ಒಬ್ಬೊಬ್ಬ ರೋಗಿಗೆ ಒಂದೊಂದು ನಂಬರಿನ ಫೋಲ್ಡರು."

"ಎಪ್ಪತ್ತೇಳರಿಂದ ಹೊರಗೆ ಬಂದರೆ ಎಲ್ಲಿರ್ತೀಯ?"

"ಎಲ್ಲರ ಫೋಲ್ಡರೂ ಇರೋ ದೊಡ್ಡ ಫೋಲ್ಡರಲ್ಲಿ." ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು.

"ಅದು ಸ್ಕ್ರೀನಿನ ಮೇಲೆ ಎಲ್ಲಾದರೂ ಕಾಣುತ್ತಾ?"

"ಇಲ್ಲ. ನನ್ನ ಪ್ರಾಂಪ್ಟಲ್ಲಿ ಬರೀ ಟೈಮು. ನಾನೆಲ್ಲಿದ್ದೀನಿ ಅಂತ ನಂಗೆ ಗೊತ್ತಿರುತ್ತಲ್ಲ."

"ನಿನಗೆ ಗೊತ್ತಿರುತ್ತೆ." ಇನ್‌ಸ್ಪೆಕ್ಟರು ತಿರುಗಿದಳು. "ನಿಮ್ಮ ಕಂಪ್ಯೂಟರಿನ ಪ್ರಾಂಪ್ಟು ಹೇಗಿದೆ, ಹತ್ತಿಯವರೇ?"

"ಬಂದ ಹಾಗೇ ಇದೆ. ನಂಗೆ ಈ ಅಲಂಕಾರ ಎಲ್ಲಾ ಬರಲ್ಲ."

"ಅದರಲ್ಲಿ ಫೋಲ್ಡರಿನ ಹೆಸರು ಕಾಣುತ್ತಾ?"

"ಹೂಂ."

"ಅಂದರೆ ನಿಮಗೆ ಅಭ್ಯಾಸ. ಫೋಲ್ಡರು ಬದಲಾದರೆ ಸಾಲಿನಲ್ಲಿ ಕಾಣುತ್ತೆ. ಕಾಣದಿದ್ದರೆ ಬದಲಾಗಿಲ್ಲ."

ಹತ್ತಿಯಣ್ಣ ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ಒತ್ತಿಕೊಂಡ.

"ಎಪ್ಪತ್ತೇಳನ್ನ ತೆರೆದು ನೋಡು ಅಂತ ನಿನ್ನೆ ಎರಡು ಗಂಟೆಗೆ ನಿನಗೆ ಹೇಳಿದ್ದು ಯಾರು?" ಪ್ರಶ್ನೆ ಗಡಿಯಾರಳಿಗೆ, ಕಣ್ಣು ಅವನ ಮೇಲೆ.

"ಹತ್ತಿಯಣ್ಣ. ನಲವತ್ತೊಂದನೇ ವಾಕ್ಯದಲ್ಲಿ ಏನೋ ಕರಕರ ಅನ್ನುತ್ತೆ, ಕೇಳು ಅಂದ್ರು. ಏನೂ ಇರಲಿಲ್ಲ. ಅವರು ಹೋದ ಮೇಲೆ ನಾನು..." ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು. "ಹತ್ತಿಯಣ್ಣಾ?"

ಅವನು ಬಲಗಿವಿಯ ಹತ್ತಿ ತೆಗೆದ. ಆಮೇಲೆ ಎಡಗಿವಿಯದ್ದು. ಎರಡನ್ನೂ ಅಂಗೈಯಲ್ಲಿ ಉಂಡೆಮಾಡಿದ.

"ಎಪ್ಪತ್ತೇಳು ಅಂದ್ಕೊಂಡೆ," ಎಂದ.

ಕಪ್ಪು ಬೀರು ಗುಂಯ್‌ಗುಡುತ್ತಿತ್ತು.

"ಒಂದೇ ಫೋಲ್ಡರು ಅಂದ್ಕೊಂಡೆ. ಅಳಿಸೋ ಹಕ್ಕು ಇವಳ ಯಂತ್ರಕ್ಕೆ ಮಾತ್ರ ಇರೋದು. ಎಪ್ಪತ್ತೇಳರ ಒಳಗೇ ಇದೆ ಅಂತ ಗುಂಡಿ ಒತ್ತಿದೆ."

"ಒತ್ತಿದ ಮೇಲೂ ಗೊತ್ತಾಗಲಿಲ್ವಾ?"

"ಅದು ಏನೂ ಹೇಳಲ್ಲ ಮೇಡಂ. ಒಂದು ಅಳಿಸಿದ್ರೂ ಅಷ್ಟೇ, ಎಲ್ಲಾ ಅಳಿಸಿದ್ರೂ ಅಷ್ಟೇ. ಸುಮ್ನೆ ಮುಂದಿನ ಸಾಲು ತೋರಿಸುತ್ತೆ. ಸಂಜೆ ಡಾಕ್ಟ್ರು ಕಿರುಚಿಕೊಂಡಾಗಲೇ ನಂಗೆ ತಿಳಿದದ್ದು."

"ತಿಳಿದ ಮೇಲೆ?" ಗಡಿಯಾರ ಸಿಡಿದಳು. "ಪೊಲೀಸರು ನನ್ನ ಎಳ್ಕೊಂಡು ಹೋಗುವಾಗ ನೀನು ಅಲ್ಲೇ ಇದ್ಯಲ್ಲ! ನನ್ನ ಚೀಲ ತಂದುಕೊಟ್ಟೆ! ಚೀಲ!"

"ಮಕ್ಕಳಿದ್ದಾರೆ ಕಣೇ ನಂಗೆ."

"ನಂಗೆ ಇಲ್ಲ ಅಂತಾನಾ?"

ಇನ್‌ಸ್ಪೆಕ್ಟರು ನಡುವೆ ಬಂದಳು. "ಎಪ್ಪತ್ತೇಳು ಯಾರು?"

ಡಾಕ್ಟರು ಹೇಳಿದರು: "ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳ್ತಿದ್ದ ಹೆಂಗಸು. ಒಂಬತ್ತು ದಿನದ ಹಿಂದೆ ನಾನೇ ಆಪರೇಷನ್ ಮಾಡಿದೆ. ಕೆಳಗೆ ಎರಡನೇ ಮಹಡಿಯ ವಾರ್ಡಲ್ಲಿದ್ದಾರೆ. ಅವರ ದನಿ ಅಳಿಸೋಕೆ ಇವನಿಗೇನು ಬಂದಿತ್ತು?"

"ಅವರೇ ಹೇಳಿದ್ದು," ಎಂದ ಹತ್ತಿಯಣ್ಣ.

"ಮಾತೇ ಬರದ ಹೆಂಗಸು ಹೇಳಿದ್ರಾ?"

"ಸ್ಲೇಟಲ್ಲಿ ಬರೆದಿತ್ತು. ಮೊನ್ನೆ ನೋಡೋಕೆ ಹೋಗಿದ್ದೆ. ಕತ್ತಿನವರೆಗೆ ಹೊದ್ದು ಮಲಗಿದ್ರು. ಸ್ಲೇಟು ದಿಂಬಿಗೆ ಒರಗಿಸಿತ್ತು. 'ನನ್ನ ದನಿ ಅಳಿಸಿಬಿಡಿ. ಮನೆಯವರಿಗೆ ತಿಳಿಯಬಾರದು.' ಇದು ನನಗೇ ಅಂತ ಕೆಳಗೆ ನನ್ನ ಹೆಸರೂ ಇತ್ತು. ಅರ್ಜಿ ಕೊಟ್ಟು ಅಳಿಸಬೇಕು ಅಂದ್ರೆ ಗಂಡನ ಸಹಿ ಬೇಕು. ಮುನ್ನೂರು ವಾಕ್ಯ ಕೇಳಿದ್ದೀನಿ ಮೇಡಂ ಅವರದ್ದು. ಮೂರು ದಿನ ಆ ದನಿ ಬಿಟ್ಟು ಇನ್ನೇನೂ ಕೇಳಿಲ್ಲ. ಅಷ್ಟು ಕೇಳಿದ ಮೇಲೆ ಇಲ್ಲ ಅನ್ನೋಕಾಗಲ್ಲ."

"ಮುನ್ನೂರು ವಾಕ್ಯದಲ್ಲಿ ಮುಚ್ಚಿಡುವಂಥದ್ದು ಏನಿತ್ತು?"

ಅವನು ಅಂಗೈಯ ಹತ್ತಿಯನ್ನು ಹಿಂಡಿದ. "ಮುನ್ನೂರ ಒಂದು ಫೈಲಿತ್ತು. ಕೊನೇ ದಿನ ಬಿಡುವಿನಲ್ಲಿ ಮೈಕ್ ಆಫ್ ಮಾಡೋದು ಮರೆತು ಹೊರಗೆ ಹೋಗಿದ್ದೆ. ಒಳಗೆ ಅವರೊಬ್ಬರೇ ಇದ್ರು. ಹನ್ನೊಂದು ನಿಮಿಷ ಏನೋ ಮಾತಾಡಿದ್ದಾರೆ. ಅದು ಮೈಕಿಗೇ ಹೇಳಿದ್ದೋ ಏನೋ. ನಾನು ಕೇಳಲಿಲ್ಲ. ಕೇಳಬಾರದು ಅನ್ನಿಸ್ತು."

"ಪ್ರತಿ ಇಲ್ವಾ?"

ಗಡಿಯಾರ ತಲೆಯಾಡಿಸಿದಳು. "ದಿನಾ ನಾಲ್ಕು ಗಂಟೆಗೆ ತಾನಾಗೇ ಕಾಪಿ ಆಗುತ್ತೆ. ಇಲ್ಲಿ ಹೇಗಿದೆಯೋ ಅಲ್ಲೂ ಹಾಗೇ ಮಾಡುತ್ತೆ. ನಿನ್ನೆ ನಾಲ್ಕಕ್ಕೆ ಇಲ್ಲಿ ಏನೂ ಇರಲಿಲ್ಲ. ಅಲ್ಲೂ ಏನೂ ಇಲ್ಲದ ಹಾಗೆ ಮಾಡಿತು."

ಇನ್‌ಸ್ಪೆಕ್ಟರು ಪೇದೆಗೆ ಹತ್ತಿಯಣ್ಣನನ್ನು ತೋರಿಸಿ ಮೆಟ್ಟಿಲ ಕಡೆ ಹೊರಟಳು. ಹಿಂದಿನಿಂದ ಡಾಕ್ಟರ ಮಾತು ಕೇಳಿಸಿತು. "ಸ್ಕ್ರೀನ್ ತೆರೆದು ಬಿಟ್ಟು ಹೋಗಿದ್ದು ನಿಜ ತಾನೆ? ನಾಳೆಯಿಂದ ಬರಬೇಡಮ್ಮ." ಗಡಿಯಾರ ಏನು ಹೇಳಿದಳೋ ಕೇಳಿಸಲಿಲ್ಲ.

ಎರಡನೇ ಮಹಡಿಯ ವಾರ್ಡಿನ ಒಂಬತ್ತನೇ ಹಾಸಿಗೆಗೆ ಹೊಸ ಬಿಳಿ ಹೊದಿಕೆ ಹಾಕಿತ್ತು. ಮೇಲೆ ಯಾರೂ ಇರಲಿಲ್ಲ.

"ಜವಾಬ್ದಾರಿ ನಮ್ಮದು ಅಂತ ಸಹಿ ಹಾಕಿ ಬೆಳಿಗ್ಗೆಯೇ ಮನೆಗೆ ಕರ್ಕೊಂಡು ಹೋದ್ರಲ್ಲ ಮೇಡಂ," ಎಂದಳು ನರ್ಸು.

"ಅವರ ಸ್ಲೇಟು ಎಲ್ಲಿ?"

"ಯಾವ ಸ್ಲೇಟು?"

"ಬರೆದು ಮಾತಾಡ್ತಿದ್ದ ಸ್ಲೇಟು."

ನರ್ಸು ಅವಳನ್ನು ವಿಚಿತ್ರವಾಗಿ ನೋಡಿದಳು. "ಬರೆಯೋದು ಹೇಗೆ ಮೇಡಂ? ಎಡಗೈ ಚರ್ಮ ತೆಗೆದು ಗಂಟಲಿಗೆ ಹಾಕಿದ್ದಾರೆ. ಬಲಗೈ ಡ್ರಿಪ್ ಹಾಕಿ ಹಾಕಿ ಬಾತು ಹೋಗಿದೆ. ಎರಡಕ್ಕೂ ಕಟ್ಟು. ಒಂಬತ್ತು ದಿನದಿಂದ ಕಣ್ಣು ಮಿಟುಕಿಸಿಯೇ ಹೌದು, ಅಲ್ಲ ಅಂತಿದ್ರು. ನಾವು ಸ್ಲೇಟು ಕೊಟ್ಟೇ ಇಲ್ಲ."

ಇನ್‌ಸ್ಪೆಕ್ಟರು ಹೊದಿಕೆಯ ಅಂಚನ್ನು ಎತ್ತಿ ಬಿಟ್ಟಳು. ಹೊದಿಕೆಯ ಅಡಿಯಲ್ಲಿದ್ದ ಕೈಗಳನ್ನು ಹತ್ತಿಯಣ್ಣ ನೋಡಿರಲಿಲ್ಲ. ಸ್ಲೇಟು ಬರೆದಿಟ್ಟದ್ದು ಬೇರೆ ಯಾರೋ.

"ಕರ್ಕೊಂಡು ಹೋಗಿದ್ದು ಯಾರು?"

ನರ್ಸು ರಿಜಿಸ್ಟರು ತಿರುಗಿಸಿ ಬೆರಳಿಟ್ಟಳು. "ಅವರ ಭಾವ. ಇಲ್ಲಿ ಸಹಿ ಇದೆ. ಅವರ ಗಂಡನೂ ಈಗ ಬಂದು ಅದನ್ನೇ ಕೇಳ್ತಿದ್ದಾರೆ. ನೋಡಿ, ಅಲ್ಲಿ."

ಪಡಸಾಲೆಯ ತುದಿಯಲ್ಲಿ ಒಬ್ಬ ಗಂಡಸು ಮಡಿಲಲ್ಲಿ ಹೆಂಗಸರ ಚಪ್ಪಲಿ ಇಟ್ಟುಕೊಂಡು ಕೂತಿದ್ದ. ಇನ್‌ಸ್ಪೆಕ್ಟರನ್ನು ಕಂಡು ಎದ್ದ. ಚಪ್ಪಲಿ ಕೆಳಗಿಡುವುದು ಅವನಿಗೆ ಹೊಳೆಯಲಿಲ್ಲ.

"ನಿಮ್ಮ ಅಣ್ಣ ಎಲ್ಲಿಗೆ ಕರ್ಕೊಂಡು ಹೋಗಿದ್ದಾರೆ?"

"ನನಗೆ ಅಣ್ಣ ಇಲ್ಲ ಮೇಡಂ. ನಾನೇ ದೊಡ್ಡವನು."

"ಹಾಗಾದರೆ ಅವರ ಅಕ್ಕನ ಗಂಡ."

"ಅವಳಿಗೆ ಅಕ್ಕನೂ ಇಲ್ಲ. ಇಬ್ಬರು ತಂಗಿಯರು, ಇಬ್ಬರಿಗೂ ಮದುವೆಯಾಗಿಲ್ಲ. ನಮ್ಮ ಮನೇಲಿ ಭಾವ ಅಂತ ಕರೆಯೋಕೆ ಯಾರೂ ಇಲ್ಲ. ಇವರು ಭಾವ ಬಂದಿದ್ರು ಅಂತಾರೆ. ಯಾವ ಭಾವ?"

ಇನ್‌ಸ್ಪೆಕ್ಟರು ರಿಜಿಸ್ಟರಿನ ಸಹಿಯನ್ನು ಮತ್ತೆ ನೋಡಿದಳು. ಅಚ್ಚುಕಟ್ಟಾದ ಅಕ್ಷರ, ಅವಸರವೇ ಇರಲಿಲ್ಲ. ಹೊರಟ ಸಮಯ ಹತ್ತೂ ಇಪ್ಪತ್ತು. ಹತ್ತೂ ಇಪ್ಪತ್ತಕ್ಕೆ ತಾನು ಠಾಣೆಯಲ್ಲಿ ಕೂತು, ತಪ್ಪಿಲ್ಲದ ಹುಡುಗಿಗೆ ಎರಡು ಹತ್ತರ ಪ್ರಶ್ನೆಯನ್ನು ನಾಲ್ಕನೇ ಸಲ ಕೇಳುತ್ತಿದ್ದಳು.

ನಾಲ್ಕೂವರೆಗೆ ಗಡಿಯಾರಳನ್ನು ಬಿಟ್ಟರು. ಅಣ್ಣ ಅವಳ ಚೀಲ ಹೊತ್ತುಕೊಂಡು ಮುಂದೆ ನಡೆದ.

ಐದು ಗಂಟೆಗೆ ಇನ್‌ಸ್ಪೆಕ್ಟರು ವರದಿ ಬರೆಯಲು ಕೂತಳು. ಕಳೆದುಹೋದದ್ದು ಎನ್ನುವ ಅಂಕಣದಲ್ಲಿ ಬರೆದಳು: ನೂರ ಹನ್ನೆರಡು ಜನರ ದನಿ. ಅವರಲ್ಲಿ ಎಪ್ಪತ್ತೊಂದು ಜನರ ಗಂಟಲು ಈಗಾಗಲೇ ತೆಗೆದಾಗಿದೆ. ಯಾರೂ ಕೇಳದ ಮಾತು, ಹನ್ನೊಂದು ನಿಮಿಷ. ಕೆಲಸ, ಒಂದು. ಹೆಂಗಸು, ಒಬ್ಬಳು.